ಪಂಥದಾಟಗಳೂ ತಂದೆತಾಯಿಗಳ ಹೊಣೆಯೂ

2022ನೆಯ ಇಸವಿ ಮೇ 22ರಂದು ಚಿಕ್ಕಬಳ್ಳಾಪುರದ ಬಳಿಯ ಶ್ರೀನಿವಾಸಸಾಗರ ಅಣೆಕಟ್ಟೆಯಲ್ಲಿ ತರುಣನೊಬ್ಬನು ಸುಮಾರು 50 ಅಡಿ ಎತ್ತರದ ಗೋಡೆಯನ್ನು ಹಗ್ಗದ ಆಸರೆಯೂ ಇಲ್ಲದೆ ಏರಲು ಹೊರಟು, ನಡುವೆ ಹಿಡಿತ ತಪ್ಪಿ ಕೆಳಕ್ಕೆ ಬಿದ್ದು ಗಾಯಗೊಂಡನು. ಪೊಲೀಸಿನವರು ಆತನ ಮೇಲೆ ಮೊಕದ್ದಮೆ ದಾಖಲಿಸಿದರು. ಬೀಳುವ ದೃಶ್ಯವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದುದರಿಂದ ಅದು ದೇಶದ ಉದ್ದಗಲಕ್ಕೂ ಹರಡಿತು. ಕಂಡವರಲ್ಲಿ ಕೆಲವರು ಅಯ್ಯೋ ಎಂದರು, ಕೆಲವರು ನಕ್ಕರು, ಹಲವರು ಈ ಕಾಲದ ಹುಡುಗರೇ ಹೀಗೆ ಎಂದು ತಲೆಯಾಡಿಸಿ ಮುಂದಿನ ಸುದ್ದಿಗೆ ಹೋದರು. ನಮಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ನೋಡುವ ಜನರಿಲ್ಲದೆ, ಚಿತ್ರ ತೆಗೆಯುವ ಕೈಯಿಲ್ಲದೆ ಇದ್ದರೆ, ಇಂತಹ ಗೋಡೆಗಳನ್ನು ಏರುವವರು ಎಷ್ಟು ಮಂದಿ ಇದ್ದಾರು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ನಮ್ಮ ಮಕ್ಕಳ ಪ್ರಾಣವನ್ನು ಉಳಿಸುವ ದಾರಿಯೂ ಅಲ್ಲಿಯೇ ಸಿಕ್ಕುವುದೆಂದು ನಾವು ನಂಬಿರುವೆವು.

ಶ್ರೀನಿವಾಸಸಾಗರ, ನಂದಿಬೆಟ್ಟ, ಸ್ಕಂದಗಿರಿ, ಬ್ರಹ್ಮಗಿರಿ, ಇವುಗಳ ನೆರೆಯಲ್ಲಿಯೇ ಮುದ್ದೇನಹಳ್ಳಿ ಇರುವುದು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರೆಂಬ ಅಭಿಮಾನದಿಂದ ಪಾಠಶಾಲೆಗಳವರು ಮಕ್ಕಳನ್ನು ಸಾಲುಸಾಲಾಗಿ ಕರೆತಂದು ಅವರ ಮನೆಯನ್ನೂ ಸಮಾಧಿಯನ್ನೂ ತೋರಿಸುವರು. ಈ ಮಕ್ಕಳೇ ನಾಲ್ಕು ವರ್ಷ ದೊಡ್ಡವರಾದ ಮೇಲೆ ಇದೇ ಪ್ರಾಂತಕ್ಕೆ ಇನ್ನೊಂದು ರೀತಿಯಲ್ಲಿ ಬರುವರು. ಭಾನುವಾರದ ನಸುಕಿನಲ್ಲಿ ನಂದಿಯ ಸೂರ್ಯೋದಯ ನೋಡುವ ನೆವದಿಂದ ಹೈದರಾಬಾದಿನ ಹೆದ್ದಾರಿಯಲ್ಲಿ ಬೈಕುಗಳು ಧಾವಿಸುವುವು. 2023ರ ಜನವರಿ 15ರಂದು ಆವಲಗುರ್ಕಿಯಲ್ಲಿ ಆದಿಯೋಗಿಯ ಮೂರ್ತಿ ಅನಾವರಣಗೊಂಡ ಮೇಲೆ ಈ ಸಂಚಾರ ಇನ್ನೂ ಹೆಚ್ಚಿರುವುದು. ಮುಂದಿನ ಚಕ್ರವನ್ನೆತ್ತಿ ಓಡಿಸುವ ವ್ಹೀಲಿಂಗ್, ಬಂಡೆಯ ಅಂಚಿನಲ್ಲಿ ನಿಂತು ಸೆಲ್ಫಿ, ಕೆರೆಯ ಆಚೆ ದಡ ಮುಟ್ಟುವ ಪಂಥ: ಹೆಸರು ಬೇರೆಯಾದರೂ ಬೇರು ಒಂದೇ. ಹಳೆಯ ಮಾತಿನಲ್ಲಿ ಹೇಳುವುದಾದರೆ ಇವೆಲ್ಲವೂ ಪಂಥದಾಟಗಳು.

ಪಂಥ ಹೊಸದಲ್ಲ

ಪಂಥದಾಟವು ಮೊಬೈಲಿನೊಡನೆ ಹುಟ್ಟಿತೆಂದು ನಾವು ಹೇಳಲಾರೆವು. ನಾವು ಹನ್ನೆರಡು ಹದಿಮೂರರ ಪ್ರಾಯದವರಾಗಿ ಪಾಠಶಾಲೆಗೆ ಹೋಗುತ್ತಿದ್ದಾಗ ಊರ ಹೊರಗಿನ ತೋಟದ ಬಾವಿಯಲ್ಲಿ ನೀರು ತುಂಬಿರುತ್ತಿತ್ತು. ಬೆಂಡು ಕಟ್ಟಿಕೊಂಡು ಮೆಟ್ಟಿಲ ಬಳಿ ಕೈಕಾಲು ಬಡಿಯುವಷ್ಟು ಈಜು ಮಾತ್ರ ನಮಗೆ ಬರುತ್ತಿತ್ತು. ಒಂದು ಮಧ್ಯಾಹ್ನ ಜೊತೆಯ ಹುಡುಗರು, "ಗಂಡಸಾದರೆ ಬೆಂಡು ಬಿಚ್ಚಿ ಗೋಡೆ ಮೇಲಿಂದ ಧುಮುಕು ನೋಡೋಣ" ಎಂದರು. ನಮಗೆ ಧುಮುಕುವ ಆಸೆ ಎಳ್ಳಷ್ಟೂ ಇರಲಿಲ್ಲ. ಹೊಟ್ಟೆಯೊಳಗೆ ಭಯವೇ ತುಂಬಿತ್ತು. ಆದರೂ ಧುಮುಕಿದೆವು. ನೀರಿನ ಭಯಕ್ಕಿಂತ ಆ ಐವರ ನಗುವಿನ ಭಯ ದೊಡ್ಡದಾಗಿ ಕಂಡಿತು. ಎರಡು ಸಾರಿ ಮುಳುಗಿದ ಮೇಲೆ, ತೋಟದಲ್ಲಿ ನೀರು ಕಟ್ಟುತ್ತಿದ್ದ ಹಿರಿಯರೊಬ್ಬರು ಕಪಿಲೆಯ ಹಗ್ಗವನ್ನು ಎಸೆದು ನಮ್ಮನ್ನು ಎಳೆದುಕೊಂಡರು. ಅವರು ಹೊಡೆಯಲಿಲ್ಲ, ಮನೆಗೆ ದೂರು ಕೊಡಲಿಲ್ಲ. "ನಾಳೆಯಿಂದ ನಾನಿರುವಾಗ ಬನ್ನಿ, ಎಲ್ಲರಿಗೂ ಕಲಿಸುತ್ತೇನೆ" ಎಂದರು, ಕಲಿಸಿಯೂ ಕಲಿಸಿದರು. ಅಂದಿನ ಆರು ಮಂದಿಯೂ ಬದುಕಿ ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಬಂದಿರುವೆವು. ಆ ಹಗ್ಗವಿಲ್ಲದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ.

ಈ ವಿಷಯವನ್ನು ನಾವು ಹೇಳಿಕೊಳ್ಳುವುದಕ್ಕೆ ಕಾರಣವುಂಟು. ಹುಡುಗನು ಅಪಾಯವನ್ನು ಅರಿಯದೆ ಅದಕ್ಕೆ ಕೈಹಾಕುವನೆಂದು ತಂದೆತಾಯಿಗಳು ತಿಳಿಯುವರು. ಆದಕಾರಣ ಅಪಾಯವನ್ನೇ ಮತ್ತೆ ಮತ್ತೆ ವರ್ಣಿಸುವರು. ಆದರೆ ಹುಡುಗನು ಅಪಾಯವನ್ನು ಅರಿತೇ ಇರುವನು. ಅವನ ತಕ್ಕಡಿಯ ಒಂದು ತಟ್ಟೆಯಲ್ಲಿ ಅಪಾಯವೂ ಮತ್ತೊಂದರಲ್ಲಿ ಗೆಳೆಯರ ತಿರಸ್ಕಾರವೂ ಇರುವುವು. ಗೆಳೆಯರು ಎದುರಿಗಿರುವಾಗ ಎರಡನೆಯದು ಜಗ್ಗುವುದು.

ಶಾಸ್ತ್ರಜ್ಞರೂ ಇದನ್ನೇ ಕಂಡಿರುವರು. ಅಮೆರಿಕದ ಮಾರ್ಗೋ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಹದಿಮೂರರಿಂದ ಹದಿನಾರರ ಹುಡುಗರು, ಇಪ್ಪತ್ತರ ಆಸುಪಾಸಿನ ತರುಣರು, ಇಪ್ಪತ್ತನಾಲ್ಕು ದಾಟಿದವರು, ಹೀಗೆ ಮೂರು ಗುಂಪುಗಳಿಗೆ ಮೋಟಾರು ಓಡಿಸುವ ಯಂತ್ರದಾಟವನ್ನು ಕೊಟ್ಟರು. ಕೆಲವರು ಒಬ್ಬರೇ ಆಡಿದರು. ಕೆಲವರು ಗೆಳೆಯರ ಮುಂದೆ ಆಡಿದರು. ಗೆಳೆಯರ ಸಮ್ಮುಖದಲ್ಲಿ ಸಾಹಸ ಹೆಚ್ಚಿತು. ಈ ಹೆಚ್ಚಳವು ದೊಡ್ಡವರಿಗಿಂತ ಹುಡುಗರಲ್ಲಿಯೂ ತರುಣರಲ್ಲಿಯೂ ಬಲವಾಗಿತ್ತು. ಒಂಟಿಯಾಗಿದ್ದಾಗ ನಿಮ್ಮ ಮಗನು ಬುದ್ಧಿವಂತನೆಂಬುದು ಸುಳ್ಳಲ್ಲ. ಆದರೆ ನಾಲ್ವರ ನಡುವೆ ನಿಂತಾಗ ಆ ಬುದ್ಧಿಯು ಅವನಿಗೆ ಪೂರ್ತಿಯಾಗಿ ಒದಗದು. ಈಗ ಮೊಬೈಲು ಬಂದು ನಾಲ್ವರನ್ನು ನಾಲ್ಕು ಸಾವಿರ ಮಾಡಿರುವುದು. ಬಾವಿಯ ದಡದಲ್ಲಿ ಐವರು ನಗುತ್ತಿದ್ದ ಜಾಗದಲ್ಲಿ ರೀಲ್ಸ್ ನೋಡುವ ಊರಿಗೂರೇ ನಿಂತಿರುವುದು.

ನೀರು, ಚಕ್ರ, ಉಸಿರು

ನಮ್ಮ ಜಿಲ್ಲೆಯ ಮಟ್ಟಿಗೆ ಮೊದಲ ಅಪಾಯ ನೀರು. ಇದನ್ನು ಕೇಳಿ ಹೊರಗಿನವರು ಆಶ್ಚರ್ಯಪಡಬಹುದು. ಚಿಕ್ಕಬಳ್ಳಾಪುರವೆಂದರೆ ಬರಗಾಲದ ಸೀಮೆಯಲ್ಲವೇ ಎನ್ನಬಹುದು. ಅಪಾಯದ ಮರ್ಮವೂ ಅಲ್ಲಿಯೇ ಇರುವುದು. ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದ ಮೇಲೆ ಹುಟ್ಟಿದ ಒಂದು ತಲೆಮಾರಿನ ಮಕ್ಕಳು ಈಜು ಕಲಿಯಲು ಒಂದು ಮಡುವನ್ನೂ ಕಾಣದೆ ಬೆಳೆದರು. ಅವರು ಹರೆಯಕ್ಕೆ ಬರುವ ಹೊತ್ತಿಗೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಕಂದವಾರವೇ ಮೊದಲಾದ ಕೆರೆಗಳಿಗೆ ಹರಿದುಬಂದಿತು, ಮಳೆಯೂ ಕೈಹಿಡಿಯಿತು, 2014ರಲ್ಲಿ ಮೊದಲಾದ ಕೃಷಿ ಭಾಗ್ಯ ಯೋಜನೆಯಿಂದ ಹೊಲಹೊಲದಲ್ಲಿಯೂ ಕೃಷಿ ಹೊಂಡಗಳೆದ್ದವು, ಕಲ್ಲುಕ್ವಾರಿಗಳ ಆಳವಾದ ಗುಂಡಿಗಳಲ್ಲಿ ನೀರು ನಿಂತಿತು. ನೀರು ಮರಳಿತು, ಈಜು ಮರಳಲಿಲ್ಲ.

ಕೃಷಿ ಹೊಂಡದ ವಿಷಯವನ್ನು ಪ್ರತಿಯೊಬ್ಬ ತಂದೆಯೂ ಮಗನನ್ನು ಕರೆದುಕೊಂಡು ಹೋಗಿ ದಡದಲ್ಲಿ ನಿಲ್ಲಿಸಿ ತೋರಿಸಬೇಕು. ಅದರ ಇಳಿಜಾರಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿರುವುದು. ಹಾಳೆಯ ಮೇಲೆ ಪಾಚಿ ಕಟ್ಟಿರುವುದು. ಇಳಿದವನಿಗೆ ಕಾಲೂರಲು ಜಾಗವಿಲ್ಲ, ಹಿಡಿಯಲು ಕಲ್ಲಿಲ್ಲ, ಬೇರಿಲ್ಲ. ಈಜು ಬಲ್ಲವನೂ ದಡ ಮುಟ್ಟಿ ಮೇಲೇರಲಾರದೆ ಸೋಲುವನು. ಒಬ್ಬನು ಮುಳುಗುವುದನ್ನು ಕಂಡು ಇನ್ನೊಬ್ಬನು ಹಾರುವನು. ಇಬ್ಬರಿಗಾಗಿ ಮೂರನೆಯವನು ಹಾರುವನು. ಒಂದೇ ಮನೆಯ ಅಣ್ಣತಮ್ಮಂದಿರು ಒಂದೇ ಹೊಂಡದಲ್ಲಿ ಹೋದ ಸುದ್ದಿಯನ್ನು ಪತ್ರಿಕೆಯವರಾದ ನಾವು ಅಚ್ಚುಹಾಕಬೇಕಾಗಿ ಬಂದಾಗಲೆಲ್ಲ ಕೈ ನಡುಗುವುದು. ಮುಳುಗುವವನಿಗಾಗಿ ನೀರಿಗೆ ಹಾರಬಾರದು. ಹಗ್ಗ, ಪಂಚೆ, ಉದ್ದನೆಯ ಗಳ, ಬಾಯಿ ಮುಚ್ಚಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆದು ಕೂಗಿ ಜನರನ್ನು ಕರೆಯಬೇಕು. ಈ ಒಂದು ಮಾತನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೂ ಎಷ್ಟೋ ಮನೆಗಳ ದೀಪ ಉಳಿಯುವುದು. ಲೋಕದಲ್ಲಿ ಐದರಿಂದ ಹದಿನಾಲ್ಕು ವರ್ಷದ ಮಕ್ಕಳ ಮರಣಕ್ಕೆ ಕಾರಣಗಳಲ್ಲಿ ಮುಳುಗುವಿಕೆಯು ಮೂರನೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿರುವರು.

ಎರಡನೆಯ ಅಪಾಯ ಚಕ್ರ. ಹದಿನಾರು ತುಂಬದ ಮಗನಿಗೆ ಗಾಡಿಯ ಬೀಗದ ಕೈ ಕೊಟ್ಟು, "ನಮ್ಮ ಹುಡುಗ ಆಗಲೇ ಬೈಕು ಓಡಿಸುತ್ತಾನೆ" ಎಂದು ನೆಂಟರ ಮುಂದೆ ಹಿಗ್ಗುವ ತಂದೆಗಳನ್ನು ನಾವು ಬಲ್ಲೆವು. ಅವರಲ್ಲಿ ಅಧಿಕಾರಿಗಳೂ ಇರುವರೆಂದು ಹೇಳಲು ನಾಚಿಕೆಯಾಗುವುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾನೂನಿನ 199ಎ ಪ್ರಕರಣವನ್ನು ಅವರು ಒಮ್ಮೆ ಓದಲಿ. ಅಪ್ರಾಪ್ತ ವಯಸ್ಕನು ಗಾಡಿಯಿಂದ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಗಾಡಿಯ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಕಲಿಕೆಯ ಲೈಸೆನ್ಸೂ ದೊರೆಯದು. ತನಗೆ ತಿಳಿದಿರಲಿಲ್ಲವೆಂದು ಹೇಳುವ ತಂದೆಯು ಅದನ್ನು ತಾನೇ ರುಜುವಾತು ಮಾಡಬೇಕು. 2025ರ ಮೇ ತಿಂಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ವ್ಹೀಲಿಂಗ್ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸುತ್ತ, ಈ ಪಿಡುಗನ್ನು ತಡೆಯಲು ಈಗಿನ ಕಾನೂನು ಸಾಲದೆಂದೂ ಸರ್ಕಾರವು ಕಠಿಣವಾದ ನಿಯಮಗಳನ್ನು ಮಾಡಬೇಕೆಂದೂ ಅಭಿಪ್ರಾಯಪಟ್ಟಿತು. ಜನರ ತಾಳ್ಮೆಯೂ ಮೀರುತ್ತಿರುವುದು. 2024ರ ಆಗಸ್ಟಿನಲ್ಲಿ ನೆಲಮಂಗಲದ ಬಳಿ ಮೇಲ್ಸೇತುವೆಯ ಮೇಲೆ ವ್ಹೀಲಿಂಗ್ ಮಾಡುತ್ತಿದ್ದವರ ಸ್ಕೂಟರುಗಳನ್ನು ರೊಚ್ಚಿಗೆದ್ದ ದಾರಿಹೋಕರು ಎತ್ತಿ ಕೆಳಕ್ಕೆ ಎಸೆದರು. ಆ ರೊಚ್ಚನ್ನು ನಾವು ಮೆಚ್ಚಲಾರೆವು. ಕೆಳಗಿನ ರಸ್ತೆಯಲ್ಲಿ ಹೋಗುವವರ ತಲೆಯ ಮೇಲೆ ಗಾಡಿ ಬಿದ್ದಿದ್ದರೆ ಗತಿಯೇನು? ಆದರೆ ಮನೆಯಲ್ಲಿ ತಡೆಯದ ಚಕ್ರವನ್ನು ಬೀದಿಯು ಎಂತಹ ಕೈಯಿಂದ ತಡೆಯುವುದೆಂಬುದಕ್ಕೆ ಇದು ನಿದರ್ಶನ.

ಮೂರನೆಯದು ಕಣ್ಣಿಗೆ ಕಾಣದ ಅಪಾಯ. ಕ್ಷಣಕಾಲದ ಮಂಪರಿಗಾಗಿ ಮಕ್ಕಳು ತಮ್ಮ ಉಸಿರನ್ನು ತಾವೇ ತಡೆದುಕೊಳ್ಳುವ ಒಂದು ದುಷ್ಟ ಆಟವುಂಟು. ಅಮೆರಿಕದ ರೋಗನಿಯಂತ್ರಣ ಕೇಂದ್ರದವರು 2008ರಲ್ಲಿ ಪ್ರಕಟಿಸಿದ ವರದಿಯಂತೆ 1995ರಿಂದ 2007ರವರೆಗೆ ಆ ದೇಶದಲ್ಲಿ 6ರಿಂದ 19 ವರ್ಷದೊಳಗಿನ 82 ಮಂದಿ ಇದರಿಂದ ಸತ್ತಿರುವ ಸಂಭವವಿದೆ. ಬಹುಪಾಲು ಹುಡುಗರು, ಸರಾಸರಿ ವಯಸ್ಸು 13. ವಿವರ ದೊರೆತ 42 ಮರಣಗಳಲ್ಲಿ 39ರಲ್ಲಿ ತಂದೆತಾಯಿಗಳು ಅಂತಹ ಆಟವೊಂದಿದೆಯೆಂಬುದನ್ನೇ ಅಲ್ಲಿಯವರೆಗೆ ಅರಿತಿರಲಿಲ್ಲ. ಈ ಕೊನೆಯ ಅಂಕಿಯೇ ನಮ್ಮನ್ನು ಹೆಚ್ಚು ಕಲಕುವುದು. ಕಾರಣವಿಲ್ಲದೆ ಕಣ್ಣು ಕೆಂಪಾಗುವುದು, ಕುತ್ತಿಗೆಯಲ್ಲಿ ಗುರುತು, ಪದೇ ಪದೇ ತಲೆನೋವು, ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಇದ್ದು ಹೊರಬಂದಾಗ ಮಂಕು: ಇವುಗಳನ್ನು ಕಂಡರೆ ಗದರದೆ, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಗಾಬರಿಯೂ ಒಂದು ರೋಗ

ಅರಿವು ಬೇಕೆಂದ ಮಾತ್ರಕ್ಕೆ ಗಾಬರಿ ಬೇಕೆಂದಲ್ಲ. 2016ರಲ್ಲಿ ರಷ್ಯಾದಲ್ಲಿ ಹುಟ್ಟಿದ ಬ್ಲೂ ವ್ಹೇಲ್ ಎಂಬ ಆಟದ ಕಥೆಯು 2017ರಲ್ಲಿ ನಮ್ಮ ದೇಶವನ್ನು ನಡುಗಿಸಿತು. ಆಗಸ್ಟಿನಲ್ಲಿ ಕೇಂದ್ರ ಸರ್ಕಾರದವರು ಅದರ ಕೊಂಡಿಗಳನ್ನು ತೆಗೆದುಹಾಕಬೇಕೆಂದು ದೊಡ್ಡ ಕಂಪನಿಗಳಿಗೆ ಆಜ್ಞಾಪಿಸಿದರು. ಪಾಠಶಾಲೆಗಳಲ್ಲಿ ಮಕ್ಕಳ ಕೈಗಳನ್ನು ಪರೀಕ್ಷಿಸಿದರು. ಕೊನೆಗೆ ಸರ್ಕಾರದ ಸಮಿತಿಯು ವಿಚಾರಿಸಿ ನೋಡಲಾಗಿ, ಯಾವ ಮರಣಕ್ಕೂ ಆ ಆಟವೇ ಕಾರಣವೆಂದು ಸ್ಥಾಪಿತವಾಗಲಿಲ್ಲವೆಂದು 2018ರ ಜನವರಿಯಲ್ಲಿ ಪಾರ್ಲಿಮೆಂಟಿಗೆ ತಿಳಿಸಲಾಯಿತು. ಅಷ್ಟರಲ್ಲಿ ಆ ಹೆಸರನ್ನೇ ಕೇಳದಿದ್ದ ಲಕ್ಷಾಂತರ ಮಕ್ಕಳಿಗೆ ಪತ್ರಿಕೆಗಳೂ ದೂರದರ್ಶನಗಳೂ ಅದನ್ನು ಪರಿಚಯ ಮಾಡಿಕೊಟ್ಟಿದ್ದುವು. ನಮ್ಮ ಕಸುಬಿನವರ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳುವೆವು. ಹೊಸ ಆಟದ ಹೆಸರು ಕೇಳಿದೊಡನೆ ಅದರ ವಿವರವನ್ನು ಮಕ್ಕಳ ಗುಂಪಿಗೆ ಸಾರುವುದು ವಿವೇಕವಲ್ಲ. ಅಪರೂಪದ ಭೂತಕ್ಕೆ ಹೆದರಿ ಮನೆಯ ಹಿಂದಿನ ಹೊಂಡವನ್ನು ಮರೆಯುವುದಂತೂ ಅವಿವೇಕವೇ ಸರಿ.

ತಂದೆತಾಯಿಗಳು ಮಾಡಬಹುದಾದುದು

ಮೊದಲನೆಯದು, ಮಗನಿಗೆ ಬೇಡವೆನ್ನುವ ಉಪಾಯವನ್ನು ಕಲಿಸುವುದು. "ಗೆಳೆಯರ ಮಾತು ಕೇಳಬೇಡ" ಎಂದರೆ ಹುಡುಗನಿಗೆ ಅದು ಆಗದ ಮಾತು. ನಾಳೆಯೂ ಅವನು ಅದೇ ಬೆಂಚಿನಲ್ಲಿ ಕುಳಿತುಕೊಳ್ಳಬೇಕು. ಮಾನ ಹೋಗದಂತೆ ಜಾರಿಕೊಳ್ಳುವ ದಾರಿ ಅವನಿಗೆ ಬೇಕು. ಅದಕ್ಕೆ ನಾವೇ ನೆವವಾಗಬೇಕು. "ನಮ್ಮಪ್ಪ ದಿನಾ ಗಾಡಿ ಮೀಟರ್ ನೋಡ್ತಾರೆ ಕಣೋ, ಸಿಕ್ಕಿಬಿದ್ರೆ ಮುಗೀತು" ಎಂದು ಅವನು ಹೇಳಲಿ. ಗೆಳೆಯರ ಕಣ್ಣಿನಲ್ಲಿ ತಂದೆಯು ಕ್ರೂರನಾಗಲಿ, ಮಗನು ಪುಕ್ಕಲನಾಗದಿರಲಿ. ನಮಗೆ ತಿಳಿದ ಒಂದು ಮನೆಯಲ್ಲಿ ತಾಯಿಯೂ ಮಗನೂ ಒಂದು ಗುಟ್ಟಿನ ಮಾತನ್ನು ಮಾಡಿಕೊಂಡಿರುವರು. ಮಗನು ಎಲ್ಲಿಂದಲಾದರೂ ಫೋನು ಮಾಡಿ, "ಅಮ್ಮ, ಅಜ್ಜಿಗೆ ಮಾತ್ರೆ ತರಬೇಕಾ?" ಎಂದು ಕೇಳಿದರೆ, ತಾಯಿಯು ಕಾರಣ ಕೇಳದೆ, "ಈಗಲೇ ಮನೆಗೆ ಬಾ" ಎಂದು ಗಟ್ಟಿಯಾಗಿ ಗದರುವಳು. ಆ ಗದರಿಕೆಯು ಗೆಳೆಯರಿಗೆ ಕೇಳಿಸಲೆಂದೇ ಮಾಡಿದ್ದು. ಬಂದ ಮೇಲೆ ಆ ರಾತ್ರಿ ವಿಚಾರಣೆಯಿಲ್ಲ, ಊಟವುಂಟು. ಇಷ್ಟು ಸುಲಭವಾದ ಉಪಾಯವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಎರಡನೆಯದು, ಸತ್ಯ ಹೇಳಿದವನಿಗೆ ಶಿಕ್ಷೆ ಕೊಡದಿರುವುದು. ಕೆರೆಗೆ ಹೋಗಿದ್ದೆನೆಂದು ತಾನಾಗಿ ಹೇಳಿದ ಮಗನನ್ನು ಬಾರುಕೋಲಿನಿಂದ ಹೊಡೆದ ತಂದೆಗೆ ಮುಂದಿನ ಸಾರಿ ಆ ಸುದ್ದಿ ಪೊಲೀಸಿನವರಿಂದ ಬರುವುದು. ಆದರೆ ಗಾಡಿಯ ಬೀಗದ ಕೈಯ ವಿಷಯದಲ್ಲಿ ಸಡಿಲ ಬೇಡ. ಹದಿನೆಂಟು ತುಂಬಿ ಲೈಸೆನ್ಸು ಬರುವವರೆಗೆ ಇಲ್ಲವೆಂದರೆ ಇಲ್ಲ. ಬಂದ ಮೇಲೂ ಹೆಲ್ಮೆಟ್ಟಿಲ್ಲದೆ ಇಲ್ಲ. ಮಾತಿನಲ್ಲಿ ಮೃದುವಾಗಿಯೂ ನಿಯಮದಲ್ಲಿ ಗಟ್ಟಿಯಾಗಿಯೂ ಇರುವುದೇ ಹಿರಿತನ. ಹೆಲ್ಮೆಟ್ಟಿಲ್ಲದೆ ಪೇಟೆಗೆ ಹೋಗುವ ತಂದೆಯ ಉಪದೇಶವನ್ನು ಮಗನು ಕಿವಿಯಿಂದ ಕೇಳಿ ಕಣ್ಣಿನಿಂದ ಅಳಿಸಿಬಿಡುವನು.

ಮೂರನೆಯದು, ನೋಡುವವರಿಗೂ ಹೊಣೆಯುಂಟೆಂದು ಕಲಿಸುವುದು. ತಾನು ಗೋಡೆ ಹತ್ತದಿದ್ದರೂ ಹತ್ತುವವನ ಚಿತ್ರ ತೆಗೆದವನು ಆ ಆಟದ ಪಾಲುದಾರನೇ. "ಮೊಬೈಲು ಜೇಬಿಗೆ ಹಾಕಿಕೋ, ತಿರುಗಿ ನಡೆ" ಎಂಬ ಪಾಠವು ಧೈರ್ಯಶಾಲಿಯಲ್ಲದ ಹುಡುಗನಿಗೂ ಸಾಧ್ಯವಾದುದು. ಪ್ರೇಕ್ಷಕರಿಲ್ಲದ ನಾಟಕವು ಬೇಗ ಮುಗಿಯುವುದು. ಸಂಬಂಧಿಕರ ಮಕ್ಕಳ ಇಂತಹ ಚಿತ್ರಗಳನ್ನು ನಗುತ್ತ ಹತ್ತು ಮಂದಿಗೆ ಕಳುಹಿಸುವ ದೊಡ್ಡವರಿಗೂ ಈ ಮಾತು ಅನ್ವಯಿಸುವುದು.

ಹೆಣ್ಣುಮಕ್ಕಳ ತಂದೆತಾಯಿಗಳು ಇದು ತಮಗೆ ಸಂಬಂಧಿಸಿದುದಲ್ಲವೆಂದು ತಿಳಿಯಬಾರದು. ಅವರ ನಡುವಿನ ಪಂಥಗಳು ಸದ್ದಿಲ್ಲದವು: ಊಟ ಬಿಡುವ ಸ್ಪರ್ಧೆ, ಚಿತ್ರ ಕಳುಹಿಸೆಂಬ ಒತ್ತಾಯ, ಕಳುಹಿಸಿದ ಮೇಲೆ ಬೆದರಿಕೆ. ಅಲ್ಲಿಯೂ ಬೇಕಾದುದು, ಏನಾದರೂ ನಮ್ಮೊಡನೆ ಹೇಳಬಹುದೆಂಬ ಭರವಸೆಯೇ. ಮನೆಯವರಿಂದ ಸಾಧ್ಯವಾಗದಿದ್ದಾಗ ಮಕ್ಕಳ ಸಹಾಯಕ್ಕೆ 1098, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416, ತುರ್ತಿಗೆ 112, ಈ ಸಂಖ್ಯೆಗಳಿರುವುವು. ಮೊಬೈಲಿನ ಗೀಳಿಗೆ ಸಿಕ್ಕಿದ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯ ಮೊದಲಾಗಿರುವುದು. ಅಲ್ಲಿಗೆ ಹೋಗುವುದು ಅವಮಾನವಲ್ಲ.

ಅಧಿಕಾರಿಗಳಿಗೆ ಎರಡು ಮಾತು

ಎಲ್ಲವನ್ನೂ ತಂದೆತಾಯಿಗಳ ತಲೆಗೆ ಕಟ್ಟಿ ಅಧಿಕಾರಿಗಳು ಸುಮ್ಮನಿರುವುದು ನ್ಯಾಯವಲ್ಲ. ಕೃಷಿ ಭಾಗ್ಯದ ಘಟಕಗಳಲ್ಲಿ ತಂತಿಬೇಲಿಯೂ ಸೇರಿರುವುದು. ಆ ಬೇಲಿಯು ಕಡತದಲ್ಲಿದ್ದರೆ ಸಾಲದು, ಹೊಂಡದ ಸುತ್ತ ಇರಬೇಕು. ಪ್ರತಿ ಹೊಂಡದ ಒಂದು ಮೂಲೆಗೆ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟರೆ, ಬಿದ್ದವನು ಹಿಡಿದು ಮೇಲೇರುವನು. ಇದಕ್ಕೆ ತಗಲುವ ವೆಚ್ಚವು ಒಂದು ಚೀಲ ಗೊಬ್ಬರದ ಬೆಲೆಯನ್ನು ಮೀರದು. ಕೈಬಿಟ್ಟ ಕ್ವಾರಿಗಳ ಗುಂಡಿಗಳಿಗೆ ತಡೆಗೋಡೆ ಬೇಕು. ಕೆರೆಯ ಕೋಡಿ ಹರಿಯುವ ದಿನಗಳಲ್ಲಿ ಶ್ರೀನಿವಾಸಸಾಗರದಂತಹ ಕಡೆ ಕಾವಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮಕ್ಕಳಿಗೆ ಈಜು ಕಲಿಸಬೇಕು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಊರ ಕೊಳದೊಳಗೇ ಬಿದಿರಿನ ಅಟ್ಟಣೆ ಕಟ್ಟಿ, ನಂಬಿಕೆಯ ಶಿಕ್ಷಕರಿಂದ ಬಡಮಕ್ಕಳಿಗೆ ಈಜು ಕಲಿಸುತ್ತ ಬಂದಿರುವರು. ಅವರಿಂದಾದುದು ತಾಲ್ಲೂಕಿಗೊಂದು ಶುಭ್ರವಾದ ಕೊಳವನ್ನಾದರೂ ಆರಿಸಿ ನಮ್ಮಿಂದ ಆಗಬಾರದೇಕೆ?

ಕೋಡಿಯಿಲ್ಲದ ಕೆರೆ

ಮುದ್ದೇನಹಳ್ಳಿಯ ಮಹಾಪುರುಷರ ಒಂದು ಕೆಲಸವನ್ನು ನೆನೆದು ಈ ಲೇಖನವನ್ನು ಮುಗಿಸುವೆವು. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಆ ಬಾಗಿಲುಗಳು ತಾವಾಗಿ ತೆರೆದು ಹೆಚ್ಚಿನದನ್ನು ಹೊರಬಿಡುವುವು. ಮಟ್ಟ ಇಳಿದೊಡನೆ ಮುಚ್ಚಿಕೊಳ್ಳುವುವು. ಇದರಿಂದ ಕಟ್ಟೆಗೆ ಅಪಾಯವಿಲ್ಲದೆಯೇ ಹೆಚ್ಚು ನೀರು ನಿಂತಿತು. ಕೋಡಿಯಿಲ್ಲದ ಕೆರೆ ಒಡೆಯುವುದೆಂಬುದು ನಮ್ಮ ರೈತರಿಗೂ ಗೊತ್ತಿರುವ ಮಾತು.

ಹದಿಹರೆಯದ ಹುರುಪೂ ತುಂಬಿದ ಕೆರೆಯೇ. ಅದಕ್ಕೆ ಬರೀ ಗೋಡೆ ಕಟ್ಟಿದರೆ ಎಲ್ಲಿಯೋ ಒಂದು ಕಡೆ ಒಡೆದುಕೊಳ್ಳುವುದು. ಕಬಡ್ಡಿಯ ಅಂಗಳ, ಕುಸ್ತಿಯ ಗರಡಿ, ಈಜಿನ ಕೊಳ, ಸ್ಕೌಟುಗಳ ಪಡೆ, ಬಲ್ಲವರೊಡನೆ ಹಗ್ಗ ಕಟ್ಟಿಕೊಂಡು ಬಂಡೆ ಏರುವ ಅಭ್ಯಾಸ, ಇವು ಆ ಕೆರೆಯ ಕೋಡಿಗಳು. ಇವುಗಳಲ್ಲಿಯೂ ಧೈರ್ಯ ಬೇಕು, ನೋಡುವವರ ಚಪ್ಪಾಳೆಯೂ ಉಂಟು. ಸಂಜೆಗೆ ಹುಡುಗನು ಮನೆಗೂ ಬರುವನು. ನಮ್ಮನ್ನು ಬಾವಿಯಿಂದ ಎಳೆದ ಹಿರಿಯರು ಯಾವ ಶಾಸ್ತ್ರವನ್ನೂ ಓದಿದವರಲ್ಲ. ಹಗ್ಗವನ್ನು ಮೊದಲು ಎಸೆದರು, ಬುದ್ಧಿಯನ್ನು ಆಮೇಲೆ ಹೇಳಿದರು, ಮರುದಿನ ತಾವೇ ನೀರಿಗಿಳಿದು ಕಲಿಸಿದರು. ಈ ಮೂರನ್ನೂ ಇದೇ ಕ್ರಮದಲ್ಲಿ ಮಾಡುವ ಒಬ್ಬ ದೊಡ್ಡವನು ಪ್ರತಿ ಬೀದಿಯಲ್ಲಿಯೂ ಇದ್ದರೆ ನಮ್ಮ ಮಕ್ಕಳ ವಿಷಯದಲ್ಲಿ ಭಯಪಡಬೇಕಾದುದು ಹೆಚ್ಚಿಲ್ಲ. ಆ ದೊಡ್ಡವರು ತಾವೇ ಏಕಾಗಬಾರದೆಂದು ವಾಚಕ ಮಹಾಶಯರು ಇಂದು ಸಂಜೆ ಮಗನು ಮನೆಗೆ ಬರುವ ಮೊದಲೇ ಯೋಚಿಸಬೇಕೆಂದು ಪ್ರಾರ್ಥಿಸುವೆವು.